ಓರೆ ಗೆರೆಯನ್ನು ಬ್ರೆಸೆನ್‌ಹ್ಯಾಮ್ ಅವರ ಹಾದಿಯಲ್ಲಿ ಎಳೆಯುವ ಕ್ರಮ

ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲಿಯಲು ಬರುವ ಶಿರಸಿ, ಸಿದ್ದಾಪುರ ಕಡೆಯ ವಿದ್ಯಾರ್ಥಿಗಳಿಗೆ ಮೊದಲ ದಿನ ನಾನು ಒಂದು ಗ್ರಾಫ್ ಹಾಳೆ ಮತ್ತು ಪೆನ್ಸಿಲ್ ಮಾತ್ರ ಕೊಡುತ್ತೇನೆ. ಅವರಲ್ಲಿ ಹಲವರು ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡುತ್ತಲೇ ಬೆಳೆದವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅದ್ದಿದ ಪುಂಡಿ ನಾರಿನ ಕುಂಚದಿಂದ ಎಳೆದ ಎಳೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಪರದೆಯ ಮೇಲಾದರೋ ಇರುವುದು ಚೌಕಗಳ ಸಾಲು ಮಾತ್ರ. ಓರೆ ಗೆರೆ ಬೇಕಿದ್ದರೆ ಯಾವ ಚೌಕವನ್ನು ತುಂಬಬೇಕೆಂದು ಪ್ರತಿ ಹೆಜ್ಜೆಗೂ ತೀರ್ಮಾನಿಸಬೇಕು.

ಈ ತೀರ್ಮಾನವನ್ನು ಕೂಡುವುದು, ಕಳೆಯುವುದು ಮತ್ತು ಚಿಹ್ನೆ ನೋಡುವುದು, ಇಷ್ಟರಲ್ಲೇ ಮುಗಿಸುವ ವಿಧಾನವನ್ನು ಜ್ಯಾಕ್ ಬ್ರೆಸೆನ್‌ಹ್ಯಾಮ್ ಅವರು 1962ರಲ್ಲಿ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿ ರೂಪಿಸಿದರು. ಐಬಿಎಂ 1401 ಕಂಪ್ಯೂಟರಿಗೆ ಜೋಡಿಸಿದ್ದ ಪ್ಲಾಟರಿನ, ಅಂದರೆ ಕಾಗದದ ಮೇಲೆ ಗೆರೆ ಎಳೆಯುವ ಯಂತ್ರದ, ಪೆನ್ನು ಒಂದು ಸಲಕ್ಕೆ ಎಂಟು ದಿಕ್ಕುಗಳ ಪೈಕಿ ಒಂದರತ್ತ ಒಂದೇ ಹೆಜ್ಜೆ ಸರಿಯುತ್ತಿತ್ತು. ಹೆಜ್ಜೆ ಹೆಜ್ಜೆಗೂ ಭಾಗಾಕಾರ ಮಾಡುತ್ತ ಕೂತರೆ ಆ ಕಾಲದ ಯಂತ್ರಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ವಿಧಾನವು 1965ರಲ್ಲಿ ಪ್ರಕಟವಾಯಿತು. 27 ವರ್ಷ ಐಬಿಎಂನಲ್ಲಿ ದುಡಿದು ನಿವೃತ್ತರಾದ ಮೇಲೆ ಅವರು ವಿಂತ್ರಪ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಈಗ ಹಾಳೆಯ ಎಡ ಕೆಳಮೂಲೆಯ ಚೌಕವನ್ನು ತುಂಬಿಕೊಳ್ಳಿ. ಅಲ್ಲಿಂದ ಬಲಕ್ಕೆ 7, ಮೇಲಕ್ಕೆ 3 ಚೌಕ ದೂರದಲ್ಲಿರುವುದು ನಮ್ಮ ಗುರಿ. ಎತ್ತರದ ಎರಡರಷ್ಟರಲ್ಲಿ ಅಗಲವನ್ನು ಕಳೆಯಿರಿ: 6ರಲ್ಲಿ 7 ಹೋದರೆ −1. ಇದನ್ನು ಹಾಳೆಯ ಅಂಚಿನಲ್ಲಿ ಬರೆದಿಡಿ, ಏಕೆಂದರೆ ಮುಂದಿನದೆಲ್ಲ ಈ ಸಂಖ್ಯೆಯನ್ನೇ ನೋಡಿಕೊಂಡು ನಡೆಯುತ್ತದೆ. ಸಂಖ್ಯೆ ಋಣವಾಗಿದ್ದರೆ ನೇರ ಬಲಕ್ಕೆ ಒಂದು ಚೌಕ ಸರಿದು 6 ಕೂಡಿಸಿ, ಅಂದರೆ ಎತ್ತರದ ಎರಡರಷ್ಟು. ಧನವಾಗಿದ್ದರೆ ಬಲಕ್ಕೂ ಮೇಲಕ್ಕೂ ಒಂದೊಂದು ಚೌಕ ಸರಿದು 8 ಕಳೆಯಿರಿ. ಎತ್ತರ ಮತ್ತು ಅಗಲಗಳ ನಡುವಿನ ಅಂತರದ ಎರಡರಷ್ಟು ಎಂದರೆ ಅದೇ 8. ಸೊನ್ನೆ ಬಂದಾಗ ಎರಡು ಚೌಕಗಳೂ ಗೆರೆಗೆ ಸಮದೂರದಲ್ಲಿರುವುದರಿಂದ ಯಾವುದನ್ನು ಆರಿಸಿದರೂ ನಡೆಯುತ್ತದೆ, ಆದರೆ ಆಯ್ಕೆ ಪ್ರತಿ ಸಲವೂ ಒಂದೇ ಆಗಿರಲಿ.

ಹೀಗೆ ಸಾಗಿದರೆ −1, 5, −3, 3, −5, 1, −7 ಎಂದು ಸಂಖ್ಯೆಗಳು ಬರುತ್ತವೆ, ಚೌಕಗಳು ಎರಡೆರಡಾಗಿ ಮೆಟ್ಟಿಲಿನಂತೆ ಏರುತ್ತವೆ. ಗುರಿ ತಲುಪಿದಾಗ ಸಂಖ್ಯೆ ಮತ್ತೆ −1. ಹೊರಟ ಸಂಖ್ಯೆಗೇ ಮರಳುವ ಈ ಗುಣವು ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಶಿಕ್ಷಕರು ಹತ್ತಿರವಿಲ್ಲದಾಗಲೂ ವಿದ್ಯಾರ್ಥಿಯು ತನ್ನ ಲೆಕ್ಕವನ್ನು ತಾನೇ ತಾಳೆ ನೋಡಬಹುದು. ಮರಳದಿದ್ದರೆ ನಡುವೆ ಎಲ್ಲೋ ಕೂಡಿಸುವಲ್ಲಿ ತಪ್ಪಾಗಿದೆ.

ಎತ್ತರವು ಅಗಲಕ್ಕಿಂತ ಹೆಚ್ಚಾಗಿದ್ದರೆ ಅವೆರಡರ ಪಾತ್ರಗಳನ್ನು ಅದಲು ಬದಲು ಮಾಡಿ, ಪ್ರತಿ ಸಲ ಮೇಲಕ್ಕೆ ಸರಿಯುತ್ತ ಬಲಕ್ಕೆ ಯಾವಾಗ ಹೊರಳಬೇಕೆಂದು ನೋಡಿ. 5ಕ್ಕೆ 2ರ ಗೆರೆಯನ್ನೂ 2ಕ್ಕೆ 5ರ ಗೆರೆಯನ್ನೂ ಕೈಯಾರೆ ಮುಗಿಸಿದ ಬಳಿಕ ಮಾತ್ರ ಕೋಡ್ ಬರೆಯಲು ಕೂರಿ, ಮತ್ತು ಪ್ರೋಗ್ರಾಂ ಕೊಡುವ ಚೌಕಗಳನ್ನು ನಿಮ್ಮ ಹಾಳೆಯ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ.