ಹೇಝಲ್ ಮಳೆಯನ್ನು ಬೇರೆ ಹಳ್ಳಗಳ ಮೇಲೆ ಸುರಿಸಿ ನೋಡುವ ಕೆಲಸ: ನನ್ನ ಅನುಭವ

6, 4, 6, 13, 17, 13, 23, 13, 13, 53, 38, 13.

ಇದು ಹೇಝಲ್ ಚಂಡಮಾರುತದ ಮಳೆ. ಕೊನೆಯ ಹನ್ನೆರಡು ಗಂಟೆಯದು, ಗಂಟೆಗೊಂದು ಅಂಕಿ, ಎಲ್ಲವೂ ಮಿಲಿಮೀಟರ್‌ನಲ್ಲಿ. ಕೂಡಿಸಿದರೆ 212. ಅದಕ್ಕೂ ಮುಂಚಿನ 36 ಗಂಟೆಗಳಲ್ಲಿ ಬಿದ್ದ 73 ಸೇರಿಸಿದರೆ ಒಟ್ಟು 285 ಮಿಲಿಮೀಟರ್. ಈ ಮಳೆ ಬಿದ್ದದ್ದು 1954ರ ಅಕ್ಟೋಬರ್‌ನಲ್ಲಿ, ಕೆನಡಾದ ಟೊರೊಂಟೊ ಸುತ್ತಮುತ್ತ. ಆಗ ನಮ್ಮಪ್ಪ ದಾವಣಗೆರೆಯಲ್ಲಿ ಪ್ರೈಮರಿ ಶಾಲೆಯ ಹುಡುಗ. ನಾನು ಈ ಮಳೆಯನ್ನು ನೋಡುವ ಮಾತೇ ಇಲ್ಲ. ಆದರೂ ನನ್ನ ಹೊಟ್ಟೆಪಾಡು ಇದರಿಂದಲೇ ನಡೆಯುತ್ತಿದೆ. ಟೊರೊಂಟೊ ಇರುವ ಪ್ರಾಂತ ಒಂಟಾರಿಯೊ. ಅದರ ದಕ್ಷಿಣ ಭಾಗದಲ್ಲಿ ಹೊಳೆ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ನಕ್ಷೆಯ ಮೇಲೆ ಗೆರೆ ಹಾಕುವುದು ನನ್ನ ಕೆಲಸ. ಆ ಗೆರೆಗೆ ಇಲ್ಲಿನ ಬಹುಪಾಲು ಕಡೆ ಅಳತೆಗೋಲು ಹೇಝಲ್.

ಯಾಕೆ ಇದೇ ಮಳೆ ಅನ್ನುವುದಕ್ಕೆ ಸ್ವಲ್ಪ ಕಥೆ ಹೇಳಬೇಕು.

ಹೇಝಲ್ ಹುಟ್ಟಿದ್ದು ಅಕ್ಟೋಬರ್ ಮೊದಲ ವಾರದಲ್ಲಿ, ಕೆರಿಬಿಯನ್‌ನ ಗ್ರೆನಾಡಾ ದ್ವೀಪದ ಹತ್ತಿರ. 12ರಂದು ಹೈಟಿಗೆ ಬಡಿಯಿತು. ಅಲ್ಲಿ ಗುಡ್ಡ ಕುಸಿದು, ಹಳ್ಳಿಗಳು ಮಣ್ಣಿನಡಿ ಹೋಗಿ, ನೂರಾರು ಜನ ಸತ್ತರು. ಸಾವಿರದವರೆಗೂ ಇರಬಹುದು ಎನ್ನುವ ಅಂದಾಜಿದೆ. ಕಾಫಿ, ಕೋಕೋ ಬೆಳೆ ನೆಲಕಚ್ಚಿತು. ಕೆನಡಾದಲ್ಲಿ ಹೇಝಲ್ ಕಥೆ ಹೇಳುವಾಗ ಹೈಟಿಯನ್ನು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ಎಲ್ಲಕ್ಕಿಂತ ಜಾಸ್ತಿ ಜನ ಸತ್ತದ್ದು ಅಲ್ಲೇ ಅನ್ನುವುದು ಎಷ್ಟೋ ಜನ ಸಹೋದ್ಯೋಗಿಗಳಿಗೂ ಗೊತ್ತಿರುವುದಿಲ್ಲ.

15ರ ಬೆಳಿಗ್ಗೆ ಅದು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾದ ಗಡಿಯಲ್ಲಿ ದಡ ಹತ್ತಿತು. ವರ್ಷದಲ್ಲೇ ದೊಡ್ಡ ಉಬ್ಬರದ ಹೊತ್ತು ಅದು. ಉಬ್ಬರದ ಮೇಲೆ ಚಂಡಮಾರುತ ತಳ್ಳಿಕೊಂಡು ಬಂದ ನೀರೂ ಸೇರಿತು. ಲಾಂಗ್ ಬೀಚ್ ಎಂಬ ಊರಿನಲ್ಲಿ 357 ಕಟ್ಟಡಗಳಿದ್ದವು. ಸಂಜೆಗೆ ನಿಂತಿದ್ದದ್ದು ಐದು. ಅಮೆರಿಕದಲ್ಲಿ ಒಟ್ಟು 95 ಜನ ಸತ್ತರು.

ಸಾಮಾನ್ಯವಾಗಿ ಚಂಡಮಾರುತ ನೆಲದ ಮೇಲೆ ಬಂದರೆ ಸೊರಗುತ್ತದೆ. ಅದಕ್ಕೆ ಬೇಕಾದ ಬಿಸಿ ಸಮುದ್ರದ ನೀರು ಸಿಗುವುದಿಲ್ಲ, ಅಲ್ವಾ? ದಾರಿಯಲ್ಲಿ ಅಪಲಾಚಿಯನ್ ಬೆಟ್ಟಗಳ ಸಾಲೂ ಇದೆ. ಗಾಳಿ ಸೊರಗಿದ್ದು ನಿಜ. ಆದರೆ ಹೇಝಲ್ ವಿಪರೀತ ವೇಗವಾಗಿ ಉತ್ತರಕ್ಕೆ ಓಡಿತು. ಬೆಳಿಗ್ಗೆ ಕ್ಯಾರೊಲೈನಾ ದಡದಲ್ಲಿದ್ದದ್ದು ಅದೇ ರಾತ್ರಿ ಟೊರೊಂಟೊ ತಲುಪಿತ್ತು. ನಡುವೆ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಹೊತ್ತು ತಂದ ತೇವ ಕಳೆದುಕೊಳ್ಳುವಷ್ಟು ಪುರಸೊತ್ತೇ ಅದಕ್ಕೆ ಸಿಗಲಿಲ್ಲ. ಒಂಟಾರಿಯೊದ ಮೇಲೆ ಪಶ್ಚಿಮದಿಂದ ಬಂದ ತಣ್ಣನೆ ಗಾಳಿ ಎದುರಾಯಿತು. ಬಿಸಿ ತೇವದ ಗಾಳಿ ಅದರ ಮೇಲೇರಿತು, ಮಳೆ ಕೆಳಗೆ ಬಂತು.

ಮುಂಚಿನ ದಿನಗಳ ಮಳೆಗೆ ನೆಲ ಆಗಲೇ ನೆನೆದು ತೊಪ್ಪೆಯಾಗಿತ್ತು. ಬಿದ್ದ ಮಳೆಯಲ್ಲಿ ಶೇಕಡಾ 90ರಷ್ಟು ಇಂಗದೆ ಸೀದಾ ಹೊಳೆಗೆ ಹರಿಯಿತು ಎಂದು ಲೆಕ್ಕ. ಹಂಬರ್ ನದಿ, ಎಟೋಬಿಕೋ ಹಳ್ಳ ಎರಡೂ ಉಕ್ಕಿದವು. ಎರಡರ ದಂಡೆಯಲ್ಲೂ ಮನೆಗಳಿದ್ದವು. ಎರಡನೇ ಮಹಾಯುದ್ಧ ಮುಗಿದು ಊರು ಬೆಳೆಯುತ್ತಿದ್ದ ಕಾಲ ಅದು. ಕಣಿವೆಯ ಜಾಗ ಅಗ್ಗ, ನೋಡಲು ಚೆಂದ. ಹಂಬರ್ ಪಕ್ಕದ ರೇಮೋರ್ ಡ್ರೈವ್ ಎಂಬ ಬೀದಿಯಲ್ಲಿ ಹದಿನಾಲ್ಕು ಮನೆಗಳು ಕೊಚ್ಚಿಹೋದವು, 35 ಜನ ಸತ್ತರು. ಸ್ವಲ್ಪ ಮೇಲ್ಭಾಗದಲ್ಲಿ ಒಂದು ಕಾಲುಸೇತುವೆ ಇತ್ತು. ಅದರ ಒಂದು ತುದಿ ಕಿತ್ತು ಸೇತುವೆ ಅಡ್ಡ ತಿರುಗಿ, ನೀರಿನ ಹೊಡೆತವನ್ನು ಬೀದಿಯ ಕಡೆಗೇ ತಿರುಗಿಸಿತು. ಕಾರಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲು ಹೋದ ಐವರು ಸ್ವಯಂಸೇವಕ ಅಗ್ನಿಶಾಮಕರು ನೀರುಪಾಲಾದರು. ಊರಿನ ಉತ್ತರಕ್ಕೆ ಹಾಲೆಂಡ್ ಮಾರ್ಷ್ ಎಂಬ ತಗ್ಗು ಪ್ರದೇಶವಿದೆ. ಜೌಗು ಬಸಿದು ತರಕಾರಿ ಬೆಳೆಯುವ ನೆಲ. ಅದಿಡೀ ಕೆರೆಯಾಯಿತು. ಕೆನಡಾದಲ್ಲಿ ಸತ್ತವರು 81.

ಅದಾದ ಮೇಲೆ ಇಲ್ಲಿನವರು ಮಾಡಿದ ಕೆಲಸ ನನಗೆ ಈಗಲೂ ಮೆಚ್ಚುಗೆ. ಹೊಳೆಗಳ ಜಲಾನಯನ, ಅಂದರೆ ಮಳೆನೀರು ಹರಿದು ಒಂದು ಹೊಳೆ ಸೇರುವ ಪ್ರದೇಶ, ನೋಡಿಕೊಳ್ಳಲು ಒಂಟಾರಿಯೊದಲ್ಲಿ 1946ರಲ್ಲೇ ಕಾಯ್ದೆ ಬಂದಿತ್ತು. ಟೊರೊಂಟೊ ಸುತ್ತ ಬೇರೆ ಬೇರೆ ಹೊಳೆಗೆ ಬೇರೆ ಬೇರೆ ಸಂರಕ್ಷಣಾ ಪ್ರಾಧಿಕಾರಗಳಿದ್ದವು. 1957ರಲ್ಲಿ ಅವನ್ನು ಒಂದೇ ಪ್ರಾಧಿಕಾರವಾಗಿ ಸೇರಿಸಿದರು. 1959ರಲ್ಲಿ ಪ್ರವಾಹ ತಡೆಯ ದೊಡ್ಡ ಯೋಜನೆ ಬಂತು. ಕ್ಲೇರ್‌ವಿಲ್, ಜಿ. ರಾಸ್ ಲಾರ್ಡ್ ಅಣೆಕಟ್ಟುಗಳು ಆಮೇಲೆ ಎದ್ದವು. ನನ್ನ ಪ್ರಕಾರ ಅಣೆಕಟ್ಟಿಗಿಂತ ದೊಡ್ಡ ಕೆಲಸ ಕಣಿವೆ ಜಾಗವನ್ನು ಕೊಂಡು ಖಾಲಿ ಬಿಟ್ಟದ್ದು. ರೇಮೋರ್ ಡ್ರೈವ್‌ನ ಮನೆಗಳಿದ್ದ ಜಾಗ ಈಗ ಪಾರ್ಕ್. ಟೊರೊಂಟೊಗೆ ಬಂದ ನಮ್ಮವರು "ಊರ ಮಧ್ಯೆ ಎಂಥಾ ಕಾಡು ಬಿಟ್ಟಿದ್ದಾರೆ ನೋಡಿ" ಅಂತ ಖುಷಿಪಡುತ್ತಾರಲ್ಲ, ಅದರಲ್ಲಿ ಎಷ್ಟೋ ಭಾಗ ಹೇಝಲ್‌ನ ಲೆಕ್ಕದಲ್ಲಿ ಬಂದದ್ದು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಹೇಝಲ್ ಎಲ್ಲ ಹೊಳೆಗಳ ಮೇಲೂ ಒಂದೇ ಸಮ ಸುರಿಯಲಿಲ್ಲ. ಹೆಚ್ಚು ಏಟು ಬಿದ್ದದ್ದು ಪಶ್ಚಿಮದ ಹಂಬರ್ ಮತ್ತು ಎಟೋಬಿಕೋ ಕಡೆಗೆ. ಪೂರ್ವದ ಡಾನ್ ನದಿ ಅಷ್ಟರಮಟ್ಟಿಗೆ ಬಚಾವಾಯಿತು. ಬಚಾವಾದದ್ದು ಬರೀ ಅದೃಷ್ಟ. ಮೋಡ ಮೂವತ್ತು ಕಿಲೋಮೀಟರ್ ಆಚೆ ಬಂದಿದ್ದರೆ ಕಥೆಯೇ ಬೇರೆ. ಹಾಗಾಗಿ ಪ್ರವಾಹದ ಗೆರೆ ಹಾಕುವ ನಿಯಮ ಕೇಳುವ ಪ್ರಶ್ನೆ ಇದು: ಅದೇ ಮಳೆ ನಿಮ್ಮ ಹಳ್ಳದ ಮೇಲೆ ನೆಟ್ಟಗೆ ಬಿದ್ದರೆ? ನಾನು ಮಾಡುವುದು ಅಷ್ಟೇ. ಹೇಝಲನ್ನು ಎತ್ತಿ ತಂದು ಇನ್ನೊಂದು ಹಳ್ಳದ ಮೇಲೆ ಕೂರಿಸುವುದು.

ಮೊದಲು ಹಳ್ಳದ ಜಲಾನಯನವನ್ನು ತುಂಡು ತುಂಡಾಗಿ ಒಡೆಯುತ್ತೇನೆ. ಪ್ರತಿ ತುಂಡಿಗೂ ಮಣ್ಣು ಯಾವುದು, ಇಳಿಜಾರು ಎಷ್ಟು, ಡಾಂಬರು ಕಾಂಕ್ರೀಟು ಎಷ್ಟು ಭಾಗ ಅಂತ ತುಂಬಬೇಕು. ಆಮೇಲೆ ಮಳೆ. ಸಾಮಾನ್ಯವಾಗಿ 48 ಗಂಟೆಯನ್ನೂ ಓಡಿಸುವುದಿಲ್ಲ. ಮೊದಲ 36 ಗಂಟೆಯ ಮಳೆಗೆ ನೆಲ ಪೂರ್ತಿ ನೆನೆದಿದೆ ಎಂದು ಇಟ್ಟುಕೊಂಡು, ಕೊನೆಯ ಹನ್ನೆರಡು ಗಂಟೆಯನ್ನು ಮಾತ್ರ ಸುರಿಸುತ್ತೇವೆ. ಜಲಾನಯನ ದೊಡ್ಡದಾದರೆ ಮಳೆಯನ್ನು ಸ್ವಲ್ಪ ಕಡಿಮೆ ಮಾಡಲು ಒಂದು ಕೋಷ್ಟಕವಿದೆ. ಅಷ್ಟು ಅಗಲಕ್ಕೆ ಒಂದೇ ರಭಸದ ಮಳೆ ಬೀಳುವುದಿಲ್ಲ, ಅದಕ್ಕೆ. ಸಣ್ಣ ಹಳ್ಳಗಳಿಗೆ ರಿಯಾಯಿತಿ ಇಲ್ಲ, ಪೂರ್ತಿ 212.

ಹತ್ತನೇ ಗಂಟೆಯ ಆ 53 ಇದೆಯಲ್ಲ, ಅದನ್ನು ಹೊಸ ಹುಡುಗರಿಗೆ ಹೀಗೆ ಬಿಡಿಸಿ ಹೇಳುತ್ತೇನೆ. ಒಂದು ಚದರ ಕಿಲೋಮೀಟರ್ ಮೇಲೆ 53 ಮಿಲಿಮೀಟರ್ ಅಂದರೆ 53,000 ಘನ ಮೀಟರ್ ನೀರು. ಬೆಂಗಳೂರಿನಲ್ಲಿ ಮನೆಗೆ ತರಿಸುವ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಸುಮಾರು 8,800 ಟ್ಯಾಂಕರ್, ಒಂದೇ ಗಂಟೆಯಲ್ಲಿ. ಅದೂ ಒಂದೇ ಚದರ ಕಿಲೋಮೀಟರ್‌ಗೆ. ನೆಲ ನೆನೆದಿದ್ದರೆ ಹೆಚ್ಚುಕಡಿಮೆ ಅಷ್ಟೂ ಹಳ್ಳಕ್ಕೇ ಬರುತ್ತದೆ.

ಎಷ್ಟು ನೀರು ಅಂತ ಗೊತ್ತಾದ ಮೇಲೆ, ಅದು ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದು ಇನ್ನೊಂದು ಲೆಕ್ಕ. ಇದಕ್ಕೆ ಹೆಕ್-ರಾಸ್ ಎಂಬ ಸಾಫ್ಟ್‌ವೇರ್. ಅಮೆರಿಕದ ಸೇನೆಯ ಇಂಜಿನಿಯರ್‌ಗಳು ಮಾಡಿದ್ದು, ಫ್ರೀ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಮಟ್ಟ ಸಿಗುತ್ತದೆ. ಹಾಗಾಗಿ ಕಣಿವೆಯ ಆಕಾರ ಆಫೀಸಿನಲ್ಲಿ ಕೂತೇ ತಯಾರು. ಆದರೆ ರಸ್ತೆಯಡಿ ಹಳ್ಳ ಹಾಯುವ ಮೋರಿ, ಸೇತುವೆ ಮಾತ್ರ ಹೋಗಿಯೇ ಅಳೆಯಬೇಕು. ಸೊಂಟದವರೆಗೆ ಬರುವ ರಬ್ಬರ್ ಬೂಟು ಹಾಕಿ ಹಳ್ಳಕ್ಕಿಳಿದು, ಮೋರಿಯ ಅಗಲ, ಎತ್ತರ, ತಳದಲ್ಲಿ ಕೂತ ಹೂಳು ಎಲ್ಲ ಬರೆದುಕೊಳ್ಳಬೇಕು. ಹಳೇ ನಕ್ಷೆಯಲ್ಲಿ ಮೂರು ಮೀಟರ್ ಅಂತ ಇರುತ್ತದೆ, ಹೋಗಿ ನೋಡಿದರೆ ಅರ್ಧ ಹೂಳು. ಬೇಸಿಗೆಯಲ್ಲಿ ಸೊಳ್ಳೆ, ರಕ್ತ ಹೀರುವ ಉಣ್ಣೆ ಹುಳ. ಬೀವರ್ ಎಂಬ ಪ್ರಾಣಿ ಮರ ಕಡಿದು ಕಟ್ಟಿದ ಒಡ್ಡು ಸಿಕ್ಕರೆ ಆ ದಿನ ಮುಗಿದಂತೆ.

ಮೋರಿಗೆ ಯಾಕಿಷ್ಟು ಮರ್ಯಾದೆ ಅಂದರೆ, ಹೇಝಲ್ ರಾತ್ರಿ ಎಷ್ಟೋ ಸೇತುವೆಗಳಿಗೆ ಮರ, ಮನೆಯ ಹಲಗೆ ಎಲ್ಲ ಬಂದು ಸಿಕ್ಕಿಕೊಂಡವು. ಸೇತುವೆಯೇ ಒಡ್ಡಾಯಿತು. ಹಿಂದೆ ನೀರು ತುಂಬಿತು, ಆಮೇಲೆ ಒಟ್ಟಿಗೆ ನುಗ್ಗಿತು. ಅಧಿಕೃತ ನಕ್ಷೆಗೆ ಸೇತುವೆಯ ಬಾಯಿ ಪೂರ್ತಿ ತೆರೆದಿದೆ ಎಂದೇ ಹಿಡಿಯುವುದು ವಾಡಿಕೆ. ನಾನು ಪಕ್ಕದಲ್ಲಿ ಇನ್ನೊಂದು ಲೆಕ್ಕ ಹಾಕಿಡುತ್ತೇನೆ, ಅರ್ಧ ಬಾಯಿ ಕಟ್ಟಿಕೊಂಡರೆ ಏನು ಅಂತ. ಯಾರೂ ಕೇಳುವುದಿಲ್ಲ. ಆದರೂ ವರದಿಯ ಕೊನೆಗೆ ಸೇರಿಸುತ್ತೇನೆ. ಒಮ್ಮೊಮ್ಮೆ ನೀರು ರಸ್ತೆ ಹತ್ತಿ ಪಕ್ಕದ ಬೀದಿಗೆ ಇಳಿಯುವ ದಾರಿ ಅದರಲ್ಲೇ ಗೊತ್ತಾಗುವುದು.

ಇನ್ನೊಂದು ವಿಷಯಕ್ಕೆ ಬಿಲ್ಡರ್‌ಗಳ ಜೊತೆ ಯಾವಾಗಲೂ ಜಟಾಪಟಿ. ಬಡಾವಣೆಯಲ್ಲಿ ಮಳೆನೀರು ನಿಲ್ಲಿಸುವ ಹೊಂಡ ಮಾಡಿರುತ್ತಾರೆ. "ಇಷ್ಟು ಖರ್ಚು ಮಾಡಿ ಹೊಂಡ ತೋಡಿದ್ದೀವಿ, ಅದಕ್ಕೆ ಪ್ರವಾಹ ಕಡಿಮೆ ಮಾಡಿ ತೋರಿಸಿ" ಅನ್ನುತ್ತಾರೆ. ಸಾಮಾನ್ಯವಾಗಿ ಹೇಝಲ್ ಲೆಕ್ಕದಲ್ಲಿ ಹೊಂಡಕ್ಕೆ ಮಾರ್ಕ್ಸ್ ಇಲ್ಲ. ಅಷ್ಟು ಮಳೆಗೆ ಹೊಂಡ ಮೊದಲೇ ತುಂಬಿರಬಹುದು, ಕಟ್ಟೆ ಒಡೆಯಬಹುದು, ಹೂಳು ತೆಗೆಯದೆ ಬಿಟ್ಟಿರಬಹುದು. ಇದು ಕಟ್ಟುನಿಟ್ಟು ಜಾಸ್ತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೂಳು ತೆಗೆಯದ ಹೊಂಡಗಳನ್ನು ಬೇಕಾದಷ್ಟು ನೋಡಿದ್ದೇನೆ.

ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ನಮ್ಮವರು ಬಹಳ ಇದ್ದಾರೆ. ಅಲ್ಲಿಯ ಹಳೇ ಪೇಟೆಯ ನಡುವೆಯೇ ಎಟೋಬಿಕೋ ಹಳ್ಳ ಹರಿಯುತ್ತಿತ್ತು. 1948ರ ಪ್ರವಾಹದ ನಂತರ ಹಳ್ಳವನ್ನು ಬೇರೆ ಕಡೆ ತಿರುಗಿಸಿ ಕಾಂಕ್ರೀಟ್ ಕಾಲುವೆ ಮಾಡಿದರು. ಅದು ಮುಗಿದದ್ದು 1952ರಲ್ಲಿ, ಹೇಝಲ್‌ಗಿಂತ ಎರಡೇ ವರ್ಷ ಮೊದಲು. ಆದರೆ ಇವತ್ತಿನ ಲೆಕ್ಕದಲ್ಲಿ ಹೇಝಲ್ ನೀರು ಆ ಕಾಲುವೆಯಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಪೇಟೆ ಭಾಗ ಪ್ರವಾಹದ ಗೆರೆಯ ಒಳಗೇ ಇದೆ. ಅಲ್ಲಿ ಕಟ್ಟಡಕ್ಕೆ ಬೇರೆಯೇ ವಿಶೇಷ ನಿಯಮ.

ರಾಜ್ಯೋತ್ಸವದ ಊಟದಲ್ಲಿ ಒಬ್ಬರು ಪಕ್ಕದಲ್ಲಿ ಕೂತರು. ಕಣಿವೆಗೆ ಹೊಂದಿಕೊಂಡ ಮನೆ ನೋಡಿ ಬಂದಿದ್ದರು. ಹಿಂದೆ ಕಾಡು, ಕೆಳಗೆ ಹಳ್ಳ, ಬೆಲೆಯೂ ಸ್ವಲ್ಪ ಕಡಿಮೆ.

"ಅಲ್ಲ ಸಾರ್, ಎಪ್ಪತ್ತು ವರ್ಷದ ಹಿಂದೆ ಒಂದು ರಾತ್ರಿ ಬಿದ್ದ ಮಳೆ. ಅದನ್ನ ಹಿಡ್ಕೊಂಡು ಈಗ ನನ್ನ ಹಿತ್ತಲಲ್ಲಿ ರೂಮ್ ಕಟ್ಟಬೇಡ ಅಂದ್ರೆ ಹೆಂಗೆ?"

"ಬಿದ್ದಿದೆಯಲ್ಲ ಸಾರ್. ನಾನು ಕಲ್ಪನೆ ಮಾಡ್ಕೊಂಡು ಹೇಳ್ತಿಲ್ಲ. ನಿಮ್ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷದ ದೂರದಲ್ಲಿ ಬಿದ್ದಿದೆ."

ನೂರು ವರ್ಷಕ್ಕೊಮ್ಮೆಯ ಪ್ರವಾಹ ಅಂದರೆ ಜನ "ನಾನು ಅಷ್ಟು ದಿನ ಇರಲ್ಲ ಬಿಡಿ" ಅಂತಾರೆ. ಅದು ನಿಜವಾಗಿ ಪ್ರತಿ ವರ್ಷವೂ ಶೇಕಡಾ ಒಂದರಷ್ಟು ಸಾಧ್ಯತೆ ಅಂತ ವಿವರಿಸುವಷ್ಟರಲ್ಲಿ ಅವರ ಗಮನ ಹೋಳಿಗೆ ಕಡೆಗೆ. ಹೇಝಲ್‌ಗೆ ಹೆಸರಿದೆ, ತಾರೀಕಿದೆ, ಫೋಟೋಗಳಿವೆ. ಈ ಕಾರಣಕ್ಕೇ ನಿಜವಾಗಿ ಬಿದ್ದ ಮಳೆಯನ್ನು ಅಳತೆಗೋಲು ಮಾಡಿದ್ದು ಒಳ್ಳೆಯದಾಯಿತು ಅನ್ನುವವನು ನಾನು. ಉತ್ತರ ಒಂಟಾರಿಯೊದಲ್ಲೂ ಹೀಗೇ ಮಾಡಿದ್ದಾರೆ. ಅಲ್ಲಿ 1961ರಲ್ಲಿ ಟಿಮಿನ್ಸ್ ಊರಲ್ಲಿ ಹನ್ನೆರಡು ಗಂಟೆಗೆ 193 ಮಿಲಿಮೀಟರ್ ಬಿದ್ದ ಮಳೆ ಅಳತೆಗೋಲು. ನೂರು ವರ್ಷದ ಪ್ರವಾಹದ ಲೆಕ್ಕವನ್ನೂ ಮಾಡುತ್ತೇವೆ. ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಗೆರೆ. ದೊಡ್ಡ ಹೊಳೆಗಳಲ್ಲಿ ಸಾಮಾನ್ಯವಾಗಿ ಹೇಝಲ್ ಗೆಲ್ಲುತ್ತದೆ.

ಪೂರ್ತಿ ಕಾಂಕ್ರೀಟಾದ ಸಣ್ಣ ಹಳ್ಳಗಳಲ್ಲಿ ಹಾಗಲ್ಲ. ಅಲ್ಲಿ ಹನ್ನೆರಡು ಗಂಟೆಯ ಮಳೆಗಿಂತ ಎರಡು ಗಂಟೆ ಹುಚ್ಚಾಪಟ್ಟೆ ಸುರಿಯುವ ಗುಡುಗು ಮಳೆ ಜಾಸ್ತಿ ಅಪಾಯ. 2005ರ ಆಗಸ್ಟ್ 19ರಂದು ಟೊರೊಂಟೊದ ಬ್ಲ್ಯಾಕ್ ಕ್ರೀಕ್ ಎಂಬ ಹಳ್ಳ ಉಕ್ಕಿ ಫಿಂಚ್ ಅವೆನ್ಯೂ ರಸ್ತೆಯ ಮೋರಿಯೇ ಕಿತ್ತುಹೋಯಿತು. 2013ರ ಜುಲೈ 8ರಂದು ಟೊರೊಂಟೊ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಬಿತ್ತು. ಅಲ್ಲಿ 1954ರಲ್ಲಿ ಹೇಝಲ್ ಬರೆದಿದ್ದ 121ರ ದಾಖಲೆ ಮುರಿಯಿತು. ಡಾನ್ ಕಣಿವೆಯಲ್ಲಿ ಒಂದು ರೈಲು ನೀರಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ದೋಣಿಗಾಗಿ ಕಾದರು. ಮತ್ತೆ 2024ರ ಜುಲೈ 16ಕ್ಕೆ ಡಾನ್ ಪಕ್ಕದ ಹೆದ್ದಾರಿ ಮುಳುಗಿತು. ಈಗ ನಮ್ಮಲ್ಲಿ ದೊಡ್ಡ ಚರ್ಚೆ ಇದೇ. ಹೇಝಲನ್ನು ಬಿಡುವುದಲ್ಲ, ಅದರ ಜೊತೆ ಈ ಗುಡುಗು ಮಳೆಗೂ ಬೇರೆ ನಕ್ಷೆ ಮಾಡುವುದು. ಹೊಳೆಯೇ ಇಲ್ಲದ ಬೀದಿಗಳಲ್ಲಿ ನೆಲಮಾಳಿಗೆ ತುಂಬುವುದು ಇದರಿಂದಲೇ. ಹೇಝಲ್ ಗೆರೆ ನೋಡಿ "ನಾವು ಹೊರಗಿದ್ದೀವಿ" ಅಂತ ನಿಶ್ಚಿಂತೆಯಿಂದ ಇರುವ ಮನೆಗಳಿಗೂ ಈ ನೀರು ಬರುತ್ತದೆ.

ಊಟಕ್ಕೆ ಸಿಕ್ಕವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಈ ಕಡೆ ಮನೆ ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಆ ಜಾಗದ ಸಂರಕ್ಷಣಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನಕ್ಷೆ ನೋಡಿ. ಅದರಲ್ಲಿ ಪ್ರವಾಹದ ಗೆರೆ ಬೇರೆ, ಪ್ರಾಧಿಕಾರದ ಅನುಮತಿ ಬೇಕಾದ ಪ್ರದೇಶದ ಗೆರೆ ಬೇರೆ. ಎರಡನೆಯದು ಇನ್ನೂ ಅಗಲ, ಇಳಿಜಾರಿನ ಅಂಚೂ ಅದರೊಳಗೆ ಬರುತ್ತದೆ. ಹಾಗಾಗಿ ನೀರು ಬಾರದ ಜಾಗದಲ್ಲೂ ಡೆಕ್ (ಮನೆಗೆ ಅಂಟಿಸಿ ಕಟ್ಟುವ ಹಲಗೆಯ ಜಗಲಿ) ಕಟ್ಟಲು ಅನುಮತಿ ಬೇಕಾಗಬಹುದು. ಮನೆ ಗೆರೆಯೊಳಗೆ ಇದ್ದರೆ ನೀರಿನ ಆಳ ಎಷ್ಟು ಅಂತ ಕೇಳಿ. ಅರ್ಧ ಅಡಿಗೂ ಎರಡು ಮೀಟರಿಗೂ ನಕ್ಷೆಯಲ್ಲಿ ಬಣ್ಣ ಒಂದೇ ಇರಬಹುದು. ಹೊರಗಿನಿಂದ ನುಗ್ಗುವ ನೀರಿಗೆ ವಿಮೆ ಸಿಗುತ್ತದಾ ಅಂತ ವಿಮೆಯವರನ್ನು ಕೊಳ್ಳುವ ಮೊದಲೇ ವಿಚಾರಿಸಿ. ಒಂದು ಮಳೆ ಬಂದ ದಿನ ಆ ಬೀದಿಗೆ ಹೋಗಿ, ಮೋರಿ ಎಲ್ಲಿದೆ, ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡಿ ಬನ್ನಿ.