ಹಾಸನದಿಂದ ಬೆಂಗಳೂರು ಏರ್‌ಪೋರ್ಟ್‌ಗೆ ರೈಲಿನಲ್ಲಿ ಹೋಗುವವರಿಗೆ

ಹಾಸನದಲ್ಲಿ ಹತ್ತಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಇಳಿಯುವಂಥ ಗಾಡಿ ಇಲ್ಲ. ಯಶವಂತಪುರದಲ್ಲಿ ಬದಲಿಸಲೇಬೇಕು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲಿನ ಹೊಸ ಮಾರ್ಗ ಶುರುವಾದ ಮೇಲೆ ಅಲ್ಲಿವರೆಗಿನ ಪ್ರಯಾಣ ಸಲೀಸು. ಹೊತ್ತು ಕೈಕೊಡುವುದು ಯಶವಂತಪುರ ದಾಟಿದ ಮೇಲಿನ ಮೂವತ್ತು ಚಿಲ್ಲರೆ ಕಿಲೋಮೀಟರ್‌ನಲ್ಲಿ. ಆದ್ದರಿಂದ ಲೆಕ್ಕವನ್ನು ವಿಮಾನದ ಸಮಯದಿಂದ ಹಿಂದಕ್ಕೆ ಹಾಕಿಕೊಂಡು ಬನ್ನಿ.

ದೇಶದೊಳಗಿನ ವಿಮಾನ ಸಂಜೆ 4ಕ್ಕೆ ಇದೆ ಅಂದುಕೊಳ್ಳಿ. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ 2 ಗಂಟೆಗೆ ಟರ್ಮಿನಲ್ ಬಾಗಿಲಲ್ಲಿರಬೇಕು. ಮೆಜೆಸ್ಟಿಕ್‌ನಿಂದ ಬಸ್ಸಿಗೆ ಎರಡು ಗಂಟೆ, ಯಶವಂತಪುರದಲ್ಲಿ ಇಳಿದು ಮೆಟ್ರೊ ಹಿಡಿದು ಮೆಜೆಸ್ಟಿಕ್ ಮುಟ್ಟಲು ಮುಕ್ಕಾಲು ಗಂಟೆ, ರೈಲು ತಡವಾದರೆ ಎಂದು ಒಂದು ಗಂಟೆ. ಅಲ್ಲಿಗೆ, ವೇಳಾಪಟ್ಟಿ ಪ್ರಕಾರ ಬೆಳಗ್ಗೆ ಹತ್ತೂಕಾಲಿನೊಳಗೆ ಯಶವಂತಪುರ ಸೇರುವ ಗಾಡಿಯೇ ಬೇಕು. ವಿದೇಶಕ್ಕೆ ಹೋಗುವವರು ಟರ್ಮಿನಲ್‌ನಲ್ಲಿ ಮೂರು ಗಂಟೆ ಮೊದಲೇ ಇರಬೇಕು.

ತಾರೀಕಿನ ವಿಷಯದಲ್ಲಿ ಎಡವುವವರು ಬಹಳ. ವಿಮಾನದ ಟಿಕೆಟ್‌ನಲ್ಲಿ 15ನೇ ತಾರೀಕು 00:40 ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 14ರಂದು. ಕರಾವಳಿ ಕಡೆಯಿಂದ ಬರುವ ರಾತ್ರಿ ರೈಲುಗಳಿಗೂ ಇದೇ ಮಾತು. ಅವು ಹಾಸನಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆ, ಅಂದರೆ ಮರುದಿನದ ತಾರೀಕಿಗೆ.

ಯಾವ ರೈಲು? ಹಾಸನದಲ್ಲೇ ಹೊರಡುವ ಬೆಳಗಿನ ಯಶವಂತಪುರ ಇಂಟರ್‌ಸಿಟಿಗೆ ಮೊದಲ ಮಣೆ ಹಾಕಿ. ಮಳೆಗಾಲದಲ್ಲಂತೂ ಬೇರೆ ಯೋಚನೆಯೇ ಬೇಡ. ಮಂಗಳೂರು, ಕಾರವಾರ ಕಡೆಯ ಗಾಡಿಗಳು ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ ಸುಮಾರು 55 ಕಿ.ಮೀ. ಘಾಟಿ ಹತ್ತಿ ಬರಬೇಕು. ಜುಲೈ, ಆಗಸ್ಟ್‌ನಲ್ಲಿ ಹಳಿ ಮೇಲೆ ಗುಡ್ಡ ಜರಿದರೆ ಗಾಡಿ ತಡವಾಗುವುದಿರಲಿ, ರದ್ದೇ ಆಗಬಹುದು. ಹಾಸನದಿಂದ ಮುಂದೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ಕಾಯಿಸುವುದು ಮಾಮೂಲು. ಮೇಲೆ ಹೇಳಿದ ಒಂದು ಗಂಟೆ ಇದಕ್ಕೇ.

ಬುಕ್ ಮಾಡುವಾಗ ಇನ್ನೊಂದನ್ನು ಗಮನಿಸಿ. ಹಾಸನದಿಂದ ಬೆಂಗಳೂರಿಗೆ ಮೈಸೂರು ಸುತ್ತಿಕೊಂಡು ಹೋಗುವ ಗಾಡಿಗಳೂ ಇವೆ. ಅವು ಯಶವಂತಪುರದ ಮೇಲೆ ಬರುವುದಿಲ್ಲ, ಹೊತ್ತೂ ಜಾಸ್ತಿ ತಿನ್ನುತ್ತವೆ. ಅರಸೀಕೆರೆ, ಬಾಣಾವರ ಕಡೆಯವರು ಹಾಸನಕ್ಕೆ ಬರುವ ಗೋಜಿಗೇ ಹೋಗಬೇಡಿ. ಅರಸೀಕೆರೆ ಹುಬ್ಬಳ್ಳಿಯ ಮುಖ್ಯ ಮಾರ್ಗದಲ್ಲಿದೆ. ತಿಪಟೂರು, ತುಮಕೂರಿನ ಮೇಲೆ ಯಶವಂತಪುರಕ್ಕೆ ಹಾಸನಕ್ಕಿಂತ ಎಷ್ಟೋ ಹೆಚ್ಚು ಗಾಡಿಗಳು ಸಿಗುತ್ತವೆ. ಚಿಕ್ಕಮಗಳೂರಿನವರಿಗೆ ಕಡೂರು, ಬೀರೂರು ಇದ್ದೇ ಇವೆ.

ಯಶವಂತಪುರದಲ್ಲಿ ಇಳಿದವರು ತುಮಕೂರು ರಸ್ತೆ ಕಡೆಯ ಬಾಗಿಲಿನಿಂದ ಹೊರಬನ್ನಿ, ಮೆಟ್ರೊ ಇರುವುದು ಆ ಮಗ್ಗುಲಲ್ಲಿ. ಹಸಿರು ಮಾರ್ಗದಲ್ಲಿ ಏಳನೇ ನಿಲ್ದಾಣ ಮೆಜೆಸ್ಟಿಕ್. ಅಲ್ಲಿ ಬಿಎಂಟಿಸಿ ಬಸ್ ನಿಲ್ದಾಣದ ಕಡೆ ಹೊರಬಂದು ಕೆಐಎ-9 ಎಂಬ ವಾಯುವಜ್ರ ಬಸ್ ಹಿಡಿಯಿರಿ. ಒಳಗೆ ಪೆಟ್ಟಿಗೆ ಇಡಲು ಜಾಗ ಇರುತ್ತದೆ. ಲಗೇಜ್ ಎರಡಕ್ಕಿಂತ ಹೆಚ್ಚಿದ್ದರೆ, ಜೊತೆಗೆ ವಯಸ್ಸಾದವರಿದ್ದರೆ, ಮೆಜೆಸ್ಟಿಕ್ ಸಹವಾಸವೇ ಬೇಡ. ಯಶವಂತಪುರದಿಂದ ಆಟೋದಲ್ಲಿ ಮೇಖ್ರಿ ಸರ್ಕಲ್‌ಗೆ ಹೋಗಿ ಅದೇ ಬಸ್ಸನ್ನು ಅಲ್ಲಿ ಹತ್ತಬಹುದು. ಬಸ್ ತುಂಬಿ ಬಂದರೆ ನಿಂತೇ ಹೋಗಬೇಕಾದೀತು, ಅಷ್ಟಕ್ಕೆ ತಯಾರಿರಿ. ಯಾವ ದಾರಿ ಹಿಡಿದರೂ ಹೆಬ್ಬಾಳದ ಫ್ಲೈಓವರ್ ತಪ್ಪುವುದಿಲ್ಲ. ಸಂಜೆ 5ರಿಂದ 8ರ ನಡುವೆ ಅಲ್ಲಿ ಸಿಕ್ಕಿಹಾಕಿಕೊಂಡರೆ ದೇವರೇ ಗತಿ. ಏರ್‌ಪೋರ್ಟ್‌ಗೆ ಮೆಟ್ರೊ ಇನ್ನೂ ಕಟ್ಟುತ್ತಿದ್ದಾರೆ. ಅದನ್ನು ನೆಚ್ಚಿಕೊಂಡು ಈಗ ಪ್ಲ್ಯಾನ್ ಮಾಡಬೇಡಿ.

ಹಾಗಾದರೆ ಏರ್‌ಪೋರ್ಟ್ ಹೆಸರಿನ ರೈಲ್ವೆ ಸ್ಟೇಷನ್ ಏನಾಯಿತು? ಅದು ಇದೆ. 2021ರ ಜನವರಿಯಲ್ಲಿ ಶುರುವಾದ ಹಾಲ್ಟ್ ಸ್ಟೇಷನ್ ಅದು, ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ದೊಡ್ಡಜಾಲ ಮತ್ತು ದೇವನಹಳ್ಳಿಯ ನಡುವೆ. ರೈಲ್ವೆ ಆ್ಯಪ್‌ನಲ್ಲಿ ಕೆಐಎಡಿ ಎಂಬ ಕೋಡ್ ಹಾಕಿ ಹುಡುಕಬೇಕು. ಚಾರ್ಜು ತೀರಾ ಕಡಿಮೆ, ಹೆಬ್ಬಾಳದ ಜಾಮ್ ಕೂಡ ಇಲ್ಲ. ಆದರೆ ಟರ್ಮಿನಲ್ ಅಲ್ಲಿಂದ ಮತ್ತೆ ಮೂರು ನಾಲ್ಕು ಕಿಲೋಮೀಟರ್ ದೂರ, ಶಟಲ್ ಬಸ್ಸಿಗೆ ಕಾಯಬೇಕು. ಗಾಡಿಗಳು ಬೆರಳೆಣಿಕೆಯಷ್ಟು, ಭಾನುವಾರ ಓಡದವೂ ಉಂಟು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕೂರಬೇಕು. ನಿಮ್ಮ ಹಾಸನದ ಗಾಡಿ ಯಶವಂತಪುರ ಮುಟ್ಟುವ ಹೊತ್ತಿಗೂ ಈ ಗಾಡಿಯ ಹೊತ್ತಿಗೂ ಒಂದೂವರೆ ಗಂಟೆ ಅಂತರ ಇದ್ದು, ಆ ದಿನ ಓಡುತ್ತದೆ ಎಂದು ಹಿಂದಿನ ಸಂಜೆ ಖಚಿತ ಮಾಡಿಕೊಂಡಿದ್ದರೆ ಮಾತ್ರ ಹೋಗಿ. ವಿಮಾನ ಹತ್ತುವ ದಿನಕ್ಕಿಂತ, ಯಾರನ್ನೋ ಕರೆತರಲು ಹೋಗುವ ದಿನಕ್ಕೆ ಇದು ಒಳ್ಳೆಯದು.

ಟರ್ಮಿನಲ್ ಯಾವುದೆಂದು ಟಿಕೆಟ್ ನೋಡಿ ಬಸ್ ಹತ್ತುವಾಗಲೇ ಕಂಡಕ್ಟರ್‌ಗೆ ಹೇಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಟಿ2ಗೆ (ಎರಡನೇ ಟರ್ಮಿನಲ್‌ಗೆ) ಹೋಗಿವೆ, ದೇಶದೊಳಗಿನವು ಎರಡೂ ಕಡೆ ಹಂಚಿಹೋಗಿವೆ. ತಪ್ಪಾಗಿ ಇಳಿದರೆ ಎರಡರ ನಡುವೆ ಪುಕ್ಕಟೆ ಶಟಲ್ ಬಸ್ ಇದೆ.

ಇನ್ನು ನಮ್ಮ ಜಿಲ್ಲೆಯವರ ಬ್ಯಾಗ್‌ಗಳಲ್ಲಿ ತಪ್ಪದೆ ಸಿಕ್ಕಿಬೀಳುವ ಸಾಮಾನು ಒಣಕೊಬ್ಬರಿ. ಅದನ್ನು ಚೆಕ್-ಇನ್ ಬ್ಯಾಗ್‌ನಲ್ಲಿ ಬಿಡುವುದಿಲ್ಲ. ಎಣ್ಣೆ ಅಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳುವ ವಸ್ತು ಎಂದು ವಿಮಾನಯಾನದ ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಲಗೇಜ್ ತಪಾಸಣೆಯ ಎಕ್ಸ್-ರೇಯಲ್ಲಿ ಕೊಬ್ಬರಿ ಗಿಟುಕು ಕಂಡರೆ ಬ್ಯಾಗ್ ತೆಗೆಸುತ್ತಾರೆ, ನಿಮ್ಮನ್ನು ವಾಪಸ್ ಕರೆಸಿದರೂ ಕರೆಸಿಯಾರು. ಮಕ್ಕಳಿಗೆ ಕೊಡಲೇಬೇಕಿದ್ದರೆ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿ. ಪವರ್ ಬ್ಯಾಂಕ್‌ನದು ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ, ತುಪ್ಪ ಕೈಚೀಲಕ್ಕೆ ಬೇಡ. ಅಮೆರಿಕಕ್ಕೆ ಹೋಗುವವರು ಕಾಫಿಪುಡಿಯನ್ನೂ ಚೆಕ್-ಇನ್‌ಗೆ ಹಾಕಿ. ಕೈಚೀಲದಲ್ಲಿ 350 ಮಿ.ಲೀ. ಡಬ್ಬಿಗಿಂತ ಹೆಚ್ಚು ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ ಮಾಡುತ್ತಾರೆ.

ವಾಪಸ್ ಬರುವಾಗ ಮುಂಗಡ ರೈಲು ಟಿಕೆಟ್ ಮಾಡಿಸುವುದಾದರೆ, ವಿಮಾನ ಇಳಿಯುವ ಹೊತ್ತಿನಿಂದ ಕನಿಷ್ಠ ನಾಲ್ಕು ಗಂಟೆ ಬಿಟ್ಟು ಮಾಡಿಸಿ. ಬೆಲ್ಟ್ ಮೇಲೆ ಲಗೇಜ್ ಬರುವುದೇ ಎಷ್ಟೋ ಸಲ ತಡ. ರೈಲು ತಪ್ಪಿದರೂ ಚಿಂತೆಯಿಲ್ಲ. ತುಮಕೂರು ರಸ್ತೆಯ ಗೊರಗುಂಟೆಪಾಳ್ಯಕ್ಕೆ ಬಂದರೆ ಮೆಜೆಸ್ಟಿಕ್‌ನಿಂದ ಹೊರಟ ಹಾಸನ, ಮಂಗಳೂರು ಬಸ್ಸುಗಳು ಅಲ್ಲೇ ಸಿಗುತ್ತವೆ. ಶುಕ್ರವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ ಮಾತ್ರ ಅಲ್ಲಿ ಸೀಟು ಸಿಗುವುದು ಕಷ್ಟ. ಆ ದಿನಗಳಲ್ಲಿ ಮೆಜೆಸ್ಟಿಕ್‌ಗೇ ಹೋಗಿ ಹತ್ತಿ.