ಬಕೆಟ್ ಹಿಡಿದು ಊರಿನ ನೀರು ಅಳೆದೆ

ನಮ್ಮ ಊರಿನ ನೀರಿನ ಲೆಕ್ಕ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಊರುಗಳ ಸೇವೆ ಅಳೆಯಲು ಗೊತ್ತುಮಾಡಿದ 28 ಸೂಚಕಗಳಲ್ಲಿ ಒಂಬತ್ತು ನೀರಿನವು. ತಲೆಗೆ ದಿನಕ್ಕೆ 135 ಲೀಟರ್ ಸಿಗಬೇಕು, ಅದೂ 24 ಗಂಟೆ ಎನ್ನುವುದು ಗುರಿ.

ಮೊದಲ ಸಲ ಸುಲಭದ ದಾರಿ ಹಿಡಿದೆ. ಪಂಪಿನ ಸಾಮರ್ಥ್ಯವನ್ನು ಅದು ಓಡಿದ ಗಂಟೆಗಳಿಂದ ಗುಣಿಸಿ, ಜನಸಂಖ್ಯೆಯಿಂದ ಭಾಗಿಸಿದೆ. 110 ಲೀಟರ್ ಬಂತು. ಪರವಾಗಿಲ್ಲ ಅನ್ನಿಸಿತು. ಪೈಪಿನಲ್ಲಿ ಸೋರಿಹೋದ ನೀರೂ ಆ 110ರೊಳಗೇ ಇದೆ ಅಂತ ಹೊಳೆಯಲೇ ಇಲ್ಲ.

ಆಮೇಲೆ ಒಂದು ಬೆಳಗ್ಗೆ ನೀರುಗಂಟಿಯ ಜೊತೆ ಪೈಪ್‌ಲೈನಿನ ಕೊನೆಯ ಬೀದಿಗೆ ಹೋದೆ. ಅಲ್ಲೊಬ್ಬ ಅಜ್ಜಿ ನಲ್ಲಿಯ ಪಕ್ಕದಲ್ಲೇ ಕೂತಿದ್ದರು. "ಮೊದಲು ಬುಸ್ ಅಂತ ಗಾಳಿ ಬರುತ್ತೆ ಕಣಪ್ಪ. ಆ ಸದ್ದಿಗೇ ಕಾಯ್ತೀನಿ" ಎಂದರು. ನೀರು ಬಂತು, ಹುರಿದಾರದಷ್ಟು ಸಣ್ಣಗೆ. 20 ಲೀಟರ್ ಬಕೆಟ್ ತುಂಬಲು ಎಂಟು ನಿಮಿಷ. ದಿನ ಬಿಟ್ಟು ದಿನ ಒಂದು ಗಂಟೆ ನೀರು, ಅಂದರೆ 150 ಲೀಟರ್. ಮನೆಯಲ್ಲಿ ಐದು ಜನ. ತಲೆಗೆ ದಿನಕ್ಕೆ 15 ಲೀಟರ್! ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅದರಲ್ಲೇ ಆಗಬೇಕು.

ಟ್ಯಾಂಕಿನ ಪಕ್ಕದ ಬೀದಿಯಲ್ಲಿ ಅದೇ ಬಕೆಟ್ ಒಂದೂವರೆ ನಿಮಿಷಕ್ಕೆ ತುಂಬಿತು. "ಸಾರ್, ಇಲ್ಲಿ ಸುಮಾರು ಮನೆಯವರು ನಲ್ಲಿಗೇ ಮೋಟಾರ್ ಹಾಕಿ ನೆಲದೊಳಗಿನ ತೊಟ್ಟಿಗೆ ಎಳೀತಾರೆ. ಕೊನೆಯವರಿಗೆ ಏನು ಉಳಿಯುತ್ತೆ?" ಎಂದರು ನೀರುಗಂಟಿ. ಈ ಮಾತು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಅಲ್ಲಿಂದ ನನ್ನ ಅಳತೆಯ ರೀತಿ ಬದಲಾಯಿತು. ಪ್ರತಿ ಪೈಪ್‌ಲೈನಿಗೆ ಮೂರು ಮನೆ: ತಲೆಯಲ್ಲಿ ಒಂದು, ನಡುವೆ ಒಂದು, ತುದಿಯಲ್ಲಿ ಒಂದು. ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಕ್ಲೋರಿನ್ ನೋಡುವ ಪುಟ್ಟ ಕಿಟ್, ಇಷ್ಟೇ ಸಾಮಾನು. ನೀರಿಗೆ ಹನಿ ಬಿಟ್ಟರೆ ಹಳದಿ ಬಣ್ಣ ಬರಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತುದಿಯ ಮನೆಯಲ್ಲಿ ಬಣ್ಣವೇ ಬರಲಿಲ್ಲ. ನನಗೆ ಹೆದರಿಕೆಯಾಗಿದ್ದು ಆಗಲೇ. ಕಡಿಮೆ ನೀರು ಕಷ್ಟ ಕೊಡುತ್ತದೆ, ಕ್ಲೋರಿನ್ ಉಳಿಯದ ನೀರು ಕಾಯಿಲೆ ತರುತ್ತದೆ ಅಲ್ವಾ?

ಸಚಿವಾಲಯದ ಆ ಸೂಚಕಗಳ ಪದ್ಧತಿಯಲ್ಲೇ ಒಂದು ಒಳ್ಳೆಯ ಏರ್ಪಾಡಿದೆ, ಜಾಸ್ತಿ ಜನ ಗಮನಿಸುವುದಿಲ್ಲ. ಅಂಕಿ ಎಷ್ಟು ನಂಬಿಕೆಯದು ಅಂತ 'ಎ'ಯಿಂದ 'ಡಿ'ವರೆಗೆ ದರ್ಜೆ ಬರೆಯಬೇಕು. ನನ್ನ 110ರ ಮುಂದೆ 'ಡಿ' ಬರೆದೆ. ಮೂರು ಮನೆಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದೆ. ತುದಿಯ ಮನೆಯ ಸಾಲನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ.